ಗೆದ್ದವಳನ್ನು ನದಿಗೆ ನೂಕಿದವರು ಯಾರು?

ಹಲವು ವರ್ಷಗಳ ಹಿಂದಿನ ಮಾತು. ತಪಸ್ಸುಕಾಲದ ಒಂದು ಧ್ಯಾನಕೂಟದಲ್ಲಿ, ಹೆಚ್ಚಾಗಿ ತರುಣಿಯರೇ ಸೇರಿದ್ದ ಸಭೆಯ ಮುಂದೆ ನಾನು ಪೋಲೆಂಡ್ ದೇಶದ ಒಂದು ಪುರಾತನ ಕಥೆಯನ್ನು ಹೇಳಿದೆ. ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಅಧ್ಯಾಪಕರೊಬ್ಬರ ಬಾಯಿಂದ ಕೇಳಿದ್ದ ಕಥೆ ಅದು. ಕ್ರಾಕೋವ್ ನಗರದಲ್ಲಿ ವಾಂದಾ ಎಂಬ ರಾಜಕುಮಾರಿ ಇದ್ದಳು. ಜರ್ಮನ್ ರಾಜನೊಬ್ಬ ಅವಳ ಕೈ ಬೇಡಿದ. ಕೊಡದಿದ್ದರೆ ಯುದ್ಧ ಎಂದ. ತನ್ನ ಕನ್ಯತ್ವವನ್ನೂ ತನ್ನ ನಾಡನ್ನೂ ಒಟ್ಟಿಗೆ ಕಾಪಾಡಲು ಆ ತರುಣಿ ವಿಸ್ತುಲಾ ನದಿಗೆ ಹಾರಿ ಪ್ರಾಣವನ್ನು ಅರ್ಪಿಸಿದಳು. ಇಂದಿಗೂ ಆ ದೇಶದಲ್ಲಿ ಹೆಣ್ಣುಮಕ್ಕಳಿಗೆ ಅವಳ ಹೆಸರಿಡುತ್ತಾರೆ. ನನ್ನ ದನಿಯನ್ನು ಆದಷ್ಟು ಭಾವಪೂರ್ಣಗೊಳಿಸಿ ಕಥೆಯನ್ನು ಮುಗಿಸಿದೆ. ಸಭೆ ನಿಶ್ಶಬ್ದವಾಗಿತ್ತು. ಪ್ರಬೋಧನೆ ಫಲಿಸಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ಎಲ್ಲರೂ ಚದುರಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ನನ್ನ ಬಳಿಗೆ ಬಂದರು. "ಫಾದರ್, ಆ ಹುಡುಗಿ ಆ ರಾಜನ ಹತ್ತಿರ ಸೋತಳೋ, ಗೆದ್ದಳೋ?" ಎಂದು ಕೇಳಿದರು. "ಗೆದ್ದಳೆಂದೇ ಹೇಳಬೇಕಮ್ಮ, ಅವನಿಗೆ ಅವಳೂ ಸಿಗಲಿಲ್ಲ, ನಾಡೂ ಸಿಗಲಿಲ್ಲ" ಎಂದೆ. "ಹಾಗಾದರೆ ಗೆದ್ದವಳು ಸಾಯೋದು ಯಾಕೆ ಫಾದರ್?" ಎಂದರು. ತ್ಯಾಗ, ಬಲಿದಾನ, ನಿರ್ಮಲತೆ ಎಂಬ ನಾಲ್ಕು ದೊಡ್ಡ ಪದಗಳನ್ನು ನಾನು ಅವರ ಮುಂದಿಟ್ಟೆ. "ಆಗಲಿ ಫಾದರ್" ಎಂದು ಸೆರಗು ಹೊದ್ದುಕೊಂಡು ಅವರು ಹೊರಟುಹೋದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಥೆಯ ಮೂಲವನ್ನು ಹುಡುಕುತ್ತಾ ಹೋದಾಗ ತಿಳಿದುಬಂದ ಸಂಗತಿ ನನ್ನನ್ನು ನಾಚುವಂತೆ ಮಾಡಿತು. ವಾಂದಾಳ ಕಥೆಯನ್ನು ಮೊತ್ತಮೊದಲು ಬರೆದಿಟ್ಟ ಗ್ರಂಥದಲ್ಲಿ ಅವಳು ನದಿಗೆ ಹಾರುವುದೇ ಇಲ್ಲ! ಮೊದಲ ವಾಂದಾ ಆಳಿದವಳು, ಬದುಕಿದವಳು. ಅವಳನ್ನು ನದಿಗೆ ನೂಕಿದವರು ಆಮೇಲೆ ಬಂದವರು. ಅವರಲ್ಲಿ ನನ್ನಂಥ ಗುರುಗಳೇ ಮುಂದಾಳುಗಳು. ಈ ಲೇಖನ ಅವರ ಮೇಲಿನ ದೂರು. ಆ ದೂರು ನನ್ನ ಮೇಲೂ ಹೌದು.

ಗ್ರಂಥಕರ್ತರು ಸಾಮಾನ್ಯರಲ್ಲ. ವಿನ್ಸೆಂತಿ ಕಾದ್ಲುಬೆಕ್ ಎಂಬುದು ಅವರ ಹೆಸರು. 1208ರಿಂದ 1218ರವರೆಗೆ ಕ್ರಾಕೋವಿನ ಧರ್ಮಾಧ್ಯಕ್ಷರಾಗಿದ್ದು, ಆ ಪೀಠವನ್ನು ತಾವಾಗಿಯೇ ತ್ಯಜಿಸಿ, ಸಿಸ್ಟರ್ಸಿಯನ್ ಮಠವೊಂದನ್ನು ಸೇರಿ, 1223ರಲ್ಲಿ ಅಲ್ಲಿಯೇ ದೈವಾಧೀನರಾದರು. 1764ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಮಾನ್ಯ ಮಾಡಿತು. ಪೋಲೆಂಡಿನ ಇತಿಹಾಸವನ್ನು ಅವರು ಲತೀನ್ ಭಾಷೆಯಲ್ಲಿ, ಇಬ್ಬರು ಹಿರಿಯ ಧರ್ಮಾಧಿಕಾರಿಗಳ ಸಂಭಾಷಣೆಯ ರೂಪದಲ್ಲಿ ಬರೆಯತೊಡಗಿದರು. ಇತಿಹಾಸವೆಂದರೆ ಇಂದಿನ ಅರ್ಥದ ಇತಿಹಾಸವಲ್ಲ. ಆರಂಭದ ಭಾಗಗಳಲ್ಲಿ ದಂತಕಥೆಯೇ ಹೆಚ್ಚು.

ಕಾದ್ಲುಬೆಕರು ಹೇಳುವುದು ಹೀಗೆ. ಕ್ರಾಕೋವ್ ನಗರಕ್ಕೆ ತನ್ನ ಹೆಸರನ್ನು ಕೊಟ್ಟ ಹಳೆಯ ಅರಸನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಕಿರಿಯ ಮಗ ಅಣ್ಣನನ್ನು ಕೊಂದ. ಆ ಪಾತಕ ಬಯಲಾಗಿ ದೇಶಭ್ರಷ್ಟನಾದ. ಆಗ ಹಿರಿಯರೂ ಪ್ರಜೆಗಳೂ ಸೇರಿ ಮಗಳಾದ ವಾಂದಾಳಿಗೆ ರಾಜ್ಯವನ್ನು ಒಪ್ಪಿಸಿದರು. ಹೆಣ್ಣು ಆಳುವ ನಾಡೆಂದರೆ ಒಡೆಯನಿಲ್ಲದ ನಾಡು ಎಂದು ಬಗೆದ ಅಲೆಮಾನಿ ಅರಸನೊಬ್ಬ ದಂಡು ಕಟ್ಟಿಕೊಂಡು ಬಂದ. ಅವಳು ಎದುರಿಗೆ ನಿಂತಳು. ಸೂರ್ಯಕಿರಣ ತಾಗಿದಂತೆ ಅವನ ಸೈನ್ಯ ಬೆರಗುಗೊಂಡು ಆಯುಧವನ್ನು ಕೆಳಗಿಟ್ಟಿತು. ಅವಮಾನವನ್ನೂ ಮೋಹವನ್ನೂ ತಾಳಲಾರದೆ ಆ ಅರಸ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ವಾಂದಾ ಮದುವೆಯಾಗಲಿಲ್ಲ. ಆಳಿದಳು, ಕಾಲ ಬಂದಾಗ ವಾರಸುದಾರರಿಲ್ಲದೆ ತೀರಿಕೊಂಡಳು. ಅಷ್ಟೇ. ಈ ಕಥೆಯಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡವನು ಆಕ್ರಮಣಕಾರ. ಅವಳಲ್ಲ.

ಹೆಸರಿನ ಬಗ್ಗೆಯೂ ಕಾದ್ಲುಬೆಕರು ಒಂದು ಮಾತು ಹೇಳುತ್ತಾರೆ. ವಾಂದಾಳ ರಾಜ್ಯದ ನಡುವೆ ಹರಿಯುತ್ತಿದ್ದುದರಿಂದ ವಿಸ್ತುಲಾ ನದಿಗೆ 'ವಾಂದಲ್' ಎಂಬ ಹೆಸರು ಬಂತಂತೆ. ಅವಳ ಪ್ರಜೆಗಳಿಗೆ ವಾಂದಲರು ಎಂಬ ಹೆಸರು ಬಂತಂತೆ. ವಿದ್ವಾಂಸರು ಇದನ್ನು ತಿರುಗುಮುರುಗು ಮಾಡಿ ಓದುತ್ತಾರೆ. ವಾಂದಲರು ಜರ್ಮಾನಿಕ್ ಬುಡಕಟ್ಟಿನವರು. ಮಧ್ಯಯುಗದ ಲತೀನ್ ಬರಹಗಾರರು ಆ ಪ್ರಾಚೀನ ಜನಾಂಗದ ಹೆಸರನ್ನು ಸ್ಲಾವ್ ಜನರಿಗೂ ಅಂಟಿಸುತ್ತಿದ್ದರು. ಪೋಲೆಂಡಿನ ಮೊದಲ ಕ್ರೈಸ್ತ ದೊರೆ ಮಿಯೆಷ್ಕೊನನ್ನೇ ಒಂದು ಹಳೆಯ ಬರಹ ವಾಂದಲರ ದೊರೆಯೆಂದು ಕರೆದಿದೆ. ಆದುದರಿಂದ ಜನಾಂಗದ ಹೆಸರಿನಿಂದ ರಾಣಿಯ ಹೆಸರು ಹುಟ್ಟಿತೇ ಹೊರತು ರಾಣಿಯಿಂದ ಜನಾಂಗದ ಹೆಸರಲ್ಲ ಎಂಬ ಊಹೆ ಬಲವಾಗಿದೆ. ಕಾದ್ಲುಬೆಕರಿಗಿಂತ ಹಿಂದಿನ ಯಾವ ಗ್ರಂಥದಲ್ಲೂ ಈ ರಾಣಿಯ ಪ್ರಸ್ತಾಪವಿಲ್ಲದಿರುವುದರಿಂದ ಹೆಸರನ್ನು ಅವರೇ ಕಟ್ಟಿರಬೇಕೆಂದು ಹೇಳುವವರೂ ಇದ್ದಾರೆ. ಹಾಗಿದ್ದರೆ ಒಬ್ಬ ಪುನೀತ ಧರ್ಮಾಧ್ಯಕ್ಷರ ಲೇಖನಿಯಲ್ಲಿ ಹುಟ್ಟಿದ ಹೆಸರು ಇದು. ಬೈಬಲಿನದಲ್ಲ, ಯಾವ ಪುರಾತನ ಸಂತಳದೂ ಅಲ್ಲ.

ಮುಂದೆ ಬಂದ ವೃತ್ತಾಂತಕಾರರು ಮತ್ತೊಂದು ನಿಷ್ಪತ್ತಿಯನ್ನು ಹೊಸೆದರು. ಪೋಲಿಷ್ ಭಾಷೆಯಲ್ಲಿ ಮೀನಿನ ಗಾಳಕ್ಕೆ ಇದಕ್ಕೆ ಹತ್ತಿರದ ಒಂದು ಪದವಿದೆ. ತನ್ನ ಚೆಲುವಿನಿಂದ ನೋಡಿದವರನ್ನೆಲ್ಲ ಗಾಳದಂತೆ ಸೆಳೆಯುತ್ತಿದ್ದುದರಿಂದ ಅವಳು ವಾಂದಾ ಎಂದರು. ಗಮನಿಸಿ. ಒಂದು ನದಿಗೆ, ಒಂದು ಜನತೆಗೆ ಹೆಸರು ಕೊಟ್ಟವಳು ಒಂದೆರಡು ಶತಮಾನ ಕಳೆಯುವುದರೊಳಗೆ ಗಂಡಸರನ್ನು ಸೆಳೆಯುವ ಗಾಳವಾದಳು! ಹೆಸರಿನ ಅರ್ಥವೇ ಹೀಗೆ ಕುಗ್ಗಿದ ಮೇಲೆ ಹೆಸರಿನವಳು ಉಳಿಯುವುದುಂಟೆ?

ಉಳಿಯಲಿಲ್ಲ. ಕಾದ್ಲುಬೆಕರ ನಂತರ ರಚಿತವಾದ 'ವಿಯೆಲ್ಕೊಪೋಲ್ಸ್ಕಾ ವೃತ್ತಾಂತ'ದಲ್ಲಿ ವಾಂದಾ ಗೆದ್ದು ಮರಳುತ್ತಾಳೆ. ಗೆಲುವಿಗೆ ಕೃತಜ್ಞತೆಯಾಗಿ ತನ್ನನ್ನೇ ದೇವತೆಗಳಿಗೆ ಬಲಿಕೊಟ್ಟು ವಿಸ್ತುಲಾ ನದಿಗೆ ಹಾರುತ್ತಾಳೆ. ಈ ವೃತ್ತಾಂತದ ಕರ್ತೃ ಯಾರೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ವಿದ್ವಾಂಸರು ಮುಖ್ಯವಾಗಿ ಸೂಚಿಸುವ ಹೆಸರುಗಳು ಗುರುಗಳವೇ. 15ನೇ ಶತಮಾನದಲ್ಲಿ ಯಾನ್ ದ್ಲುಗೋಷ್ ಈ ಕಥೆಗೆ ಬಣ್ಣ ಬಳಿದರು. ಅವರೂ ಗುರುಗಳೇ, ಕ್ರಾಕೋವ್ ಪ್ರಧಾನಾಲಯಕ್ಕೆ ಸೇರಿದವರು, ಮಹಾವಿದ್ವಾಂಸರು. ಆಕ್ರಮಣಕಾರನಿಗೆ ಅವರು ರಿತಿಗಿಯೆರ್ ಎಂದು ಹೆಸರಿಟ್ಟರು, ಅವನನ್ನು ವರನನ್ನಾಗಿ ಮಾಡಿದರು. ವಾಂದಾಳ ಕೈಯಲ್ಲಿ ಒಂದು ಹರಕೆ ಹೊರಿಸಿದರು. ಗೆದ್ದರೆ ನನ್ನನ್ನೇ ಕೊಡುತ್ತೇನೆ ಎಂಬ ಹರಕೆ. ಗೆದ್ದಳು, ಕೊಟ್ಟಳು. ಕಾಲಾಂತರದಲ್ಲಿ ಹರಕೆಯೂ ಮರೆಯಾಯಿತು, ಗೆಲುವೂ ಮರೆಯಾಯಿತು. ಮದುವೆಯನ್ನು ಒಲ್ಲದೆ ನೀರಿಗೆ ಹಾರಿದ ಹುಡುಗಿ ಮಾತ್ರ ಉಳಿದಳು. ನನ್ನ ಅಧ್ಯಾಪಕರು ನನಗೆ ಹೇಳಿದ್ದು, ನಾನು ಆ ತರುಣಿಯರಿಗೆ ಹೇಳಿದ್ದು ಈ ಕಡೆಯ ರೂಪ.

ಪವಿತ್ರ ಗ್ರಂಥವನ್ನು ಬಲ್ಲ ವಾಚಕರಿಗೆ ಇಲ್ಲಿ ಎರಡು ನೆನಪುಗಳು ಬಂದಿರಬೇಕು. ಹಳೆಯ ಒಡಂಬಡಿಕೆಯಲ್ಲಿ ಜೂದಿತ್ ಎಂಬ ವಿಧವೆ ಇದ್ದಾಳೆ. ಮುತ್ತಿಗೆ ಹಾಕಿದ ಹೊಲೊಫೆರ್ನೆಸನ ಶಿಬಿರಕ್ಕೆ ಹೋಗಿ, ಅವನ ತಲೆಯನ್ನು ಕಡಿದು, ಮಾನಪ್ರಾಣಗಳೆರಡನ್ನೂ ಉಳಿಸಿಕೊಂಡು ಊರಿಗೆ ಮರಳುತ್ತಾಳೆ. ಆಮೇಲೆ ಏನು ಮಾಡುತ್ತಾಳೆ? ಅನೇಕರು ಮದುವೆಯಾಗಲು ಬಯಸಿದರೂ ಯಾರನ್ನೂ ಒಪ್ಪುವುದಿಲ್ಲ. ಗಂಡನ ಮನೆಯಲ್ಲಿಯೇ ಗೌರವದಿಂದ ಬಾಳಿ, ದಾಸಿಯನ್ನು ಬಿಡುಗಡೆ ಮಾಡಿ, ಆಸ್ತಿಯನ್ನು ಹಂಚಿಕೊಟ್ಟು, 105 ವರ್ಷದ ಮುಪ್ಪಿನಲ್ಲಿ ಕಣ್ಣು ಮುಚ್ಚುತ್ತಾಳೆ. ಇನ್ನೊಬ್ಬಳು ನ್ಯಾಯಸ್ಥಾಪಕರ ಗ್ರಂಥದಲ್ಲಿ ಬರುವ ಯೆಫ್ತಾಹನ ಮಗಳು. ಗೆದ್ದು ಬಂದರೆ ಮನೆಬಾಗಿಲಲ್ಲಿ ಮೊದಲು ಎದುರಾದವರನ್ನು ಬಲಿಕೊಡುವೆನೆಂದು ತಂದೆ ಹರಕೆ ಹೊತ್ತ. ದಮ್ಮಡಿ ಬಾರಿಸುತ್ತಾ ಎದುರಾದವಳು ಅವನ ಒಬ್ಬಳೇ ಮಗಳು. ಪವಿತ್ರ ಗ್ರಂಥ ಆ ಹುಡುಗಿಯ ಹೆಸರನ್ನೂ ಹೇಳುವುದಿಲ್ಲ. ಬೆಟ್ಟಗಳಲ್ಲಿ ಅವಳು ಎರಡು ತಿಂಗಳು ಅತ್ತದ್ದನ್ನು ಮಾತ್ರ ಹೇಳುತ್ತದೆ. ಕಾದ್ಲುಬೆಕರ ವಾಂದಾ ಜೂದಿತಳ ತಂಗಿ. ದ್ಲುಗೋಷರ ವಾಂದಾ ಯೆಫ್ತಾಹನ ಮಗಳು. ವ್ಯತ್ಯಾಸವೇನೆಂದರೆ ಇಲ್ಲಿ ಕತ್ತಿಯನ್ನು ಅವಳ ಕೈಗೇ ಕೊಡಲಾಗಿದೆ. ಕೊಂದ ಅಪವಾದ ಯಾರ ಮೇಲೂ ಬಾರದಂತೆ!

"ಇದು ಬರೀ ದಂತಕಥೆ ಫಾದರ್, ಇದಕ್ಕಿಷ್ಟು ಕೋಪವೇಕೆ?" ಎಂದು ಕೇಳುವವರಿದ್ದಾರೆ. ನಿಜ, ದಂತಕಥೆಯೇ. ಆದರೆ ಕಟ್ಟುಕಥೆಯನ್ನು ತಿದ್ದುವಾಗ ಯಾವ ಸಾಕ್ಷ್ಯದ ಒತ್ತಾಯವೂ ಇರುವುದಿಲ್ಲ. ನಡೆದ ಸಂಗತಿಯಾಗಿದ್ದರೆ, ಅವಳು ನಿಜವಾಗಿ ಹಾರಿದ್ದರೆ, ಬರೆಯುವವರು ಏನು ಮಾಡಿಯಾರು? ಇಲ್ಲಿ ಹಾಗಿರಲಿಲ್ಲ. ಬದುಕಿದ್ದವಳನ್ನು ಸಾಯಿಸಬೇಕೆಂದು ಅವರಿಗೆ ಅನ್ನಿಸಿತು, ಸಾಯಿಸಿದರು. ಆಳಿ ಮುದುಕಿಯಾಗಿ ಸತ್ತ ರಾಣಿಗಿಂತ ಮುಳುಗಿ ಸತ್ತ ಹುಡುಗಿ ಅವರಿಗೆ ಹೆಚ್ಚು ಪವಿತ್ರಳಾಗಿ ಕಂಡಳು. ಈ ಅಭಿರುಚಿಯ ಮೇಲೆಯೇ ನನ್ನ ಸಿಟ್ಟು.

ಇನ್ನು ಕೆಲವರು, ಪರಕೀಯರ ತುಳಿತಕ್ಕೆ ಒಳಗಾದ ಜನತೆಯ ಸ್ವಾಭಿಮಾನದ ಸಂಕೇತ ಅವಳು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಪೂರ್ತಿಯಾಗಿ ಹಂಚಿಕೊಂಡವು. 1918ರವರೆಗೆ ಭೂಪಟದಲ್ಲಿ ಆ ದೇಶವೇ ಇರಲಿಲ್ಲ. ಆ ಕತ್ತಲಿನಲ್ಲಿ ಕವಿಗಳೂ ನಾಟಕಕಾರರೂ ವಾಂದಾಳನ್ನು ಮತ್ತೆ ಎಬ್ಬಿಸಿದರು. ನೆರೆಯ ಚೆಕ್ ನಾಡಿನ ದ್ವೊರ್ಜಾಕ್ ಅವಳ ಮೇಲೆ ಒಂದು ಸಂಗೀತ ನಾಟಕವನ್ನೇ ರಚಿಸಿದ, ಅದು 1876ರಲ್ಲಿ ಪ್ರಾಗ್ ನಗರದಲ್ಲಿ ರಂಗವೇರಿತು. ಮನೆಮನೆಗಳಲ್ಲಿ ಹೆಣ್ಣುಮಕ್ಕಳಿಗೆ ವಾಂದಾ ಎಂದು ಹೆಸರಿಡುವ ರೂಢಿ ಬೆಳೆದದ್ದು ಈ 19ನೇ ಶತಮಾನದಲ್ಲಿಯೇ. ಜರ್ಮನನನ್ನು ಒಲ್ಲದ ವಾಂದಾ ಎಂಬುದು ಅಲ್ಲಿ ನಾಣ್ನುಡಿಯಂತಾಯಿತು. ಜೂನ್ 23 ಅವಳ ನಾಮದಿನ. ಅದು ಸ್ನಾನಿಕ ಯೊವಾನ್ನರ ಹಬ್ಬದ ಮುನ್ನಾದಿನವೂ ಹೌದು. ಆ ರಾತ್ರಿ ತರುಣಿಯರು ಹೂಮಾಲೆಗಳನ್ನು ನದಿಯಲ್ಲಿ ತೇಲಿಬಿಡುವ ಪುರಾತನ ಪದ್ಧತಿಯನ್ನು ಕ್ರಾಕೋವಿನ ಜನ ವಾಂದಾಳ ನೆನಪಿಗೂ ಹೊಂದಿಸಿಕೊಂಡರು.

ಸ್ವಾಭಿಮಾನ ಒಳ್ಳೆಯದು. ಆದರೆ ಒಂದು ಜನತೆಯ ಮಾನವನ್ನು ಒಬ್ಬ ಹುಡುಗಿಯ ದೇಹದ ಮೇಲೆ ಹೊರಿಸಿ, ಆ ದೇಹ ನೀರುಪಾಲಾದಾಗ ಮಾನ ಉಳಿಯಿತೆಂದು ಎಲ್ಲರೂ ಉಸಿರುಬಿಡುವುದು ಯಾವ ಬಗೆಯ ಸ್ವಾಭಿಮಾನ? ದಂಡು ಎಲ್ಲಿ ಹೋಗಿತ್ತು? ಹಿರಿಯರು ಏನು ಮಾಡುತ್ತಿದ್ದರು? ಜನಪ್ರಿಯ ಕಥೆಯಲ್ಲಿ ಅವರ ಸುದ್ದಿಯೇ ಇಲ್ಲ. ಅವಳು ಬೇಡವೆಂದ ಮೇಲೆ ಬೇಡವೆಂದೇ ಅರ್ಥ. ಆ ಮಾತನ್ನು ನಾಡು ಎತ್ತಿಹಿಡಿಯಬೇಕಿತ್ತು. ಬೇಡವೆಂದ ಹೆಣ್ಣು ಬದುಕಿರಬಾರದು ಎಂಬಂತೆ ಕಥೆ ಮುಗಿಯುತ್ತದೆ. ಇದನ್ನು ನಾನು ಹದಿನೆಂಟು ಇಪ್ಪತ್ತರ ಹುಡುಗಿಯರ ಮುಂದೆ, ಪೀಠದ ಪಕ್ಕದಲ್ಲಿ ನಿಂತು, ಮೆಚ್ಚುಗೆಯ ದನಿಯಲ್ಲಿ ಹೇಳಿದೆ. ಅವರಲ್ಲಿ ಯಾರ ಮನೆಯಲ್ಲಿ ಯಾವ ಒತ್ತಾಯವಿತ್ತೋ, ಯಾರ ಮನಸ್ಸಿನಲ್ಲಿ ಎಂಥ ಕತ್ತಲಿತ್ತೋ ನನಗೆ ತಿಳಿದಿರಲಿಲ್ಲ. ತಿಳಿಯದ ಕಡೆ ಇಂಥ ಕಿಡಿಯನ್ನು ಎಸೆಯಬಾರದು ಎಂಬ ಎಚ್ಚರವೂ ನನಗಿರಲಿಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಮಸುಕಾಗಿಲ್ಲ. 410ರಲ್ಲಿ ರೋಮ್ ನಗರ ಸೂರೆಯಾದಾಗ ಅನೇಕ ಕ್ರೈಸ್ತ ಸ್ತ್ರೀಯರು ಅತ್ಯಾಚಾರಕ್ಕೆ ಒಳಗಾದರು. ಅವರು ಯಾಕೆ ಬದುಕಿದ್ದಾರೆ, ರೋಮನರ ಪುರಾತನ ಪತಿವ್ರತೆ ಲುಕ್ರೇಸಿಯಾಳಂತೆ ಇರಿದುಕೊಂಡು ಸಾಯಬಾರದಿತ್ತೆ ಎಂದು ಆಡಿಕೊಂಡ ನಾಲಗೆಗಳಿದ್ದವು. ಸಂತ ಅಗುಸ್ತೀನರು 'ದೇವನಗರ' ಎಂಬ ತಮ್ಮ ಮಹಾಗ್ರಂಥದ ಮೊದಲ ಭಾಗದಲ್ಲಿಯೇ ಆ ನಾಲಗೆಗಳಿಗೆ ಉತ್ತರ ಕೊಟ್ಟರು. ಲುಕ್ರೇಸಿಯಾ ತಪ್ಪಿತಸ್ಥಳಾಗಿದ್ದರೆ ಅವಳನ್ನು ಹೊಗಳುವುದೇಕೆ, ನಿರಪರಾಧಿಯಾಗಿದ್ದರೆ ಅವಳು ಸಾಯಬೇಕಾದುದೇಕೆ ಎಂಬುದು ಅವರ ವಾದದ ತಿರುಳು. ಬಲಾತ್ಕಾರ ದೇಹದ ಮೇಲೆ ನಡೆದರೂ ಮನಸ್ಸು ಒಪ್ಪದಿದ್ದರೆ ನಿರ್ಮಲತೆ ಕೆಡುವುದಿಲ್ಲ. ಬದುಕಿ ಉಳಿದ ಆ ಸ್ತ್ರೀಯರು ತಲೆತಗ್ಗಿಸಬೇಕಾಗಿಲ್ಲ ಎಂದರು. ಹಿಂಸೆಯ ಕಾಲದಲ್ಲಿ ನದಿಗೆ ಹಾರಿದ ಕೆಲವು ಪುಣ್ಯಸ್ತ್ರೀಯರ ಬಗ್ಗೆ ತೀರ್ಪು ಕೊಡಲು ಹಿಂಜರಿದರಾದರೂ, ಅವರ ನಡತೆಯನ್ನು ಇತರರಿಗೆ ಮಾದರಿಯಾಗಿ ಇಡಲು ಅವರು ಒಪ್ಪಲಿಲ್ಲ. ನಾನು ಗುರುಮಠದಲ್ಲಿ ಈ ಪುಟಗಳನ್ನು ಪರೀಕ್ಷೆಗಾಗಿ ಓದಿದ್ದೆ! ಅಂಕಗಳೂ ಬಂದಿದ್ದವು. ಆ ಹಿರಿಯ ತಾಯಿ ಅಗುಸ್ತೀನರನ್ನು ಓದಿದವರಲ್ಲ. ಆದರೆ ಅವರ ವಾದವನ್ನೇ ಆರೇಳು ಪದಗಳಲ್ಲಿ ನನ್ನ ಮುಂದಿಟ್ಟರು. (ಅಗುಸ್ತೀನರು 430ರಲ್ಲಿ ಹಿಪ್ಪೋ ನಗರದಲ್ಲಿ ಕೊನೆಯುಸಿರೆಳೆದಾಗ ನಗರದ ಗೋಡೆಯಾಚೆ ಮುತ್ತಿಗೆ ಹಾಕಿದ್ದವರು ವಾಂದಲರೇ. ಹೆಸರುಗಳ ಪ್ರಯಾಣ ವಿಚಿತ್ರವಾದುದು.)

ರಕ್ತಸಾಕ್ಷಿ ಸಾವನ್ನು ಹುಡುಕಿಕೊಂಡು ಹೋಗುವವನಲ್ಲ. ಸತ್ಯವನ್ನು ಬಿಡಲಾರದೆ, ಇತರರು ತಂದ ಸಾವನ್ನು ಸಹಿಸುವವನು. ಮಾನಸಿಕ ವೇದನೆಯ ಭಾರ ತಾಳಲಾರದೆ ಪ್ರಾಣ ಕಳೆದುಕೊಂಡವರ ಬಗ್ಗೆ ಇಲ್ಲಿ ನಾನು ಕಠಿಣವಾಗಿ ಮಾತನಾಡುತ್ತಿಲ್ಲವೆಂದು ವಾಚಕರು ದಯವಿಟ್ಟು ತಿಳಿಯಬೇಕು. ಅಂಥವರ ಹೊಣೆ ಕುಗ್ಗಿರುತ್ತದೆ, ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು ಎಂದೇ ಕಥೋಲಿಕ ಧರ್ಮೋಪದೇಶ ಕಲಿಸುತ್ತದೆ; ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ. ಅಂಥವರನ್ನು ಕಳೆದುಕೊಂಡ ಮನೆಗಳಲ್ಲಿ ನಾನು ರಾತ್ರಿಯಿಡೀ ಕುಳಿತಿದ್ದೇನೆ. ಅಂಥ ಮನೆಯಲ್ಲಿ ಒಮ್ಮೆ ಕುಳಿತವನು ಮುಳುಗಿ ಸಾಯುವುದನ್ನು ಅಲಂಕಾರ ಮಾಡಿ ಹೇಳಲಾರ.

ಈಗ ನಿಜವಾದ ವಾಂದಾಗಳ ಕಡೆಗೆ ಬರೋಣ. ಸತ್ತ ರಾಜಕುಮಾರಿಯ ಹೆಸರನ್ನು ಹೊತ್ತು ಹುಟ್ಟಿದ ಈ ಹೆಣ್ಣುಮಕ್ಕಳಲ್ಲಿ ಅನೇಕರು ಆ ಕಥೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟಿದ್ದಾರೆ.

ವಾಂದಾ ಪೊಲ್ತಾವ್ಸ್ಕಾ 1921ರಲ್ಲಿ ಲುಬ್ಲಿನ್ ನಗರದಲ್ಲಿ ಹುಟ್ಟಿದವರು. ಜರ್ಮನ್ ನಾತ್ಸಿಗಳು ದೇಶವನ್ನು ಆಕ್ರಮಿಸಿದಾಗ ಹದಿಹರೆಯದ ಈ ಹುಡುಗಿ ಗುಪ್ತ ಪ್ರತಿರೋಧದ ಪತ್ರವಾಹಕಿಯಾದಳು. 1941ರಲ್ಲಿ ಸೆರೆಸಿಕ್ಕು ರಾವೆನ್ಸ್‌ಬ್ರೂಕ್ ಎಂಬ ಸ್ತ್ರೀಯರ ಯಾತನಾ ಶಿಬಿರಕ್ಕೆ ಸಾಗಿಸಲ್ಪಟ್ಟಳು. ಅಲ್ಲಿ ವೈದ್ಯರೆನಿಸಿಕೊಂಡವರು 70ಕ್ಕೂ ಹೆಚ್ಚು ಪೋಲಿಷ್ ಸ್ತ್ರೀಯರ ಕಾಲುಗಳನ್ನು ಸೀಳಿ, ಗಾಯಗಳಿಗೆ ಸೋಂಕು ತುಂಬಿ ಪ್ರಯೋಗ ನಡೆಸಿದರು. ಶಿಬಿರದಲ್ಲಿ ಅವರಿಗೆ 'ಮೊಲಗಳು' ಎಂಬ ಅಡ್ಡಹೆಸರೇ ಬಿತ್ತು. ಅವರಲ್ಲಿ ಕೆಲವರು ಸತ್ತರು. ವಾಂದಾ ಬದುಕಿದಳು. ಜರ್ಮನನನ್ನು ಒಲ್ಲದ ವಾಂದಾ ಎಂದು ಯಾರಿಗಾದರೂ ಹೇಳುವುದಾದರೆ ಇವಳಿಗೆ ಹೇಳಬೇಕು. ಇವಳು ನೀರಿಗೆ ಹಾರಲಿಲ್ಲ. ಮನೆಗೆ ಬಂದಳು, ನಿದ್ದೆಯಲ್ಲಿ ಕಾಡುತ್ತಿದ್ದ ಶಿಬಿರವನ್ನು ಹೊರಹಾಕಲು 1945ರಲ್ಲಿಯೇ ತನ್ನ ನೆನಪುಗಳನ್ನು ಬರೆದಳು, ಆಮೇಲೆ ಏನು ಓದಿದಳು ಗೊತ್ತೆ? ವೈದ್ಯಶಾಸ್ತ್ರ! ವೈದ್ಯರ ಕೈಯಲ್ಲಿ ಅಷ್ಟು ನರಳಿದವಳು ತಾನೇ ವೈದ್ಯೆಯಾದಳು, ಮನೋರೋಗ ತಜ್ಞೆಯಾದಳು. ತತ್ವಶಾಸ್ತ್ರಜ್ಞರೊಬ್ಬರನ್ನು ಮದುವೆಯಾಗಿ ನಾಲ್ವರು ಹೆಣ್ಣುಮಕ್ಕಳ ತಾಯಿಯಾದಳು.

ಕ್ರಾಕೋವಿನ ಯುವ ಗುರುವಾಗಿದ್ದ ಕರೋಲ್ ವೊಯ್ತಿವಾ ಅವರೊಂದಿಗೆ ಆ ಕುಟುಂಬಕ್ಕೆ ಆಪ್ತ ಸ್ನೇಹ ಬೆಳೆದಿತ್ತು. ಮುಂದೆ ದ್ವಿತೀಯ ಜಾನ್ ಪೌಲ್ ಎಂಬ ಹೆಸರಿನಿಂದ ಜಗದ್ಗುರುಗಳಾದವರು ಅವರೇ. 1962ರಲ್ಲಿ ವಾಂದಾ ಕ್ಯಾನ್ಸರ್ ಶಂಕೆಯಿಂದ ಆಸ್ಪತ್ರೆಯಲ್ಲಿದ್ದಾಗ, ದ್ವಿತೀಯ ವ್ಯಾಟಿಕನ್ ಮಹಾಸಭೆಗೆಂದು ರೋಮಿನಲ್ಲಿದ್ದ ವೊಯ್ತಿವಾ ಅವರು ಸಂತ ಪಾದ್ರೆ ಪಿಯೋ ಅವರಿಗೆ ಲತೀನಿನಲ್ಲಿ ಪತ್ರ ಬರೆದು, ಶಿಬಿರದಲ್ಲಿ ನರಳಿದ ಈ ನಾಲ್ಕು ಮಕ್ಕಳ ತಾಯಿಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಕೆಲವೇ ದಿನಗಳಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೇ ಅವಳು ಗುಣವಾದಳೆಂದು ತಿಳಿಸಿ ಧನ್ಯವಾದದ ಎರಡನೆಯ ಪತ್ರವನ್ನೂ ಬರೆದರು. ಎರಡು ಪತ್ರಗಳ ನಡುವೆ ಹನ್ನೆರಡು ದಿನವೂ ಇರಲಿಲ್ಲ. ಆ ಧರ್ಮಾಧ್ಯಕ್ಷರು ಬೇಡಿದ್ದು ಏನನ್ನು ಎಂಬುದನ್ನು ನೋಡಿ: ಅವಳು ಬದುಕಬೇಕು ಎಂಬುದನ್ನು. ಅವಳು ಬದುಕಿದಳು, ದೀರ್ಘಕಾಲ. 2005ರಲ್ಲಿ ಜಗದ್ಗುರುಗಳ ಕೊನೆಯ ದಿನಗಳಲ್ಲಿ ಅವರ ಬಳಿಯಿದ್ದಳು. ಗರ್ಭಸ್ಥ ಶಿಶುವಿನ ಜೀವದ ಪರವಾಗಿ ಕಡೆಯವರೆಗೂ ಕಟುವಾಗಿ ವಾದಿಸಿದಳು. ಅವಳ ಮಾತಿನ ಹರಿತ ಎಲ್ಲರಿಗೂ ಹಿತವಾಗಿರಲಿಲ್ಲ. 2023ರ ಅಕ್ಟೋಬರಿನಲ್ಲಿ, 102ನೇ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ ತೀರಿಕೊಂಡಳು. ಜೂದಿತಳಿಗಿಂತ ಮೂರು ವರ್ಷ ಕಡಿಮೆ.

ಇನ್ನೊಬ್ಬರು ಜೂದಿತಳಿಗೆ ಇನ್ನೂ ಹತ್ತಿರ ಬಂದರು. ವಾಂದಾ ಬ್ಲೆನ್ಸ್ಕಾ, 1911ರಲ್ಲಿ ಪೋಜ್ನಾನ್ ನಗರದಲ್ಲಿ ಹುಟ್ಟಿ 2014ರಲ್ಲಿ, 103ರ ವಯಸ್ಸಿನಲ್ಲಿ, ಅದೇ ನಗರದಲ್ಲಿ ಮಡಿದವರು. ಕನ್ಯಾಸ್ತ್ರೀಯಲ್ಲ, ಶ್ರೀಸಾಮಾನ್ಯ ವಿಶ್ವಾಸಿ, ವೈದ್ಯೆ, ಅವಿವಾಹಿತೆ. 1951ರಲ್ಲಿ ಆಫ್ರಿಕಾದ ಉಗಾಂಡಾಕ್ಕೆ ಹೋಗಿ, ವಿಕ್ಟೋರಿಯಾ ಸರೋವರದ ಬಳಿಯ ಬುಲುಬಾ ಎಂಬ ಊರಿನಲ್ಲಿ 40 ವರ್ಷಗಳಿಗೂ ಹೆಚ್ಚು ಕಾಲ ಕುಷ್ಠರೋಗಿಗಳ ಸೇವೆ ಮಾಡಿದರು. ರೋಗಿಗಳನ್ನು ಪರೀಕ್ಷಿಸುವಾಗ ಕೈಗವಸು ತೊಡುತ್ತಿರಲಿಲ್ಲ. ಮುಟ್ಟಿದರೆ ಮೈಲಿಗೆಯೆಂಬ ಭಯವನ್ನು ಮುರಿಯಲು ಬರಿಗೈಯ ಸ್ಪರ್ಶವೇ ಮದ್ದೆಂದು ಬಲ್ಲ ವೈದ್ಯೆ ಅವರು. ಸ್ಥಳೀಯ ವೈದ್ಯಕೀಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ತಾವು ಮರಳಿದ ಮೇಲೂ ಕೆಲಸ ನಿಲ್ಲದಂತೆ ಮಾಡಿದರು. 2020ರಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸುವ ಪ್ರಕ್ರಿಯೆ ಪೋಜ್ನಾನಿನಲ್ಲಿ ಆರಂಭವಾಗಿದೆ. ಈ ಹೆಸರಿಗೆ ಇನ್ನೂ ಒಬ್ಬ ಸಂತಳಿಲ್ಲವೆಂದು ಕೊರಗುವವರು ಸ್ವಲ್ಪ ಕಾದಿರಲಿ.

ವಾಂದಾ ರುತ್ಕೆವಿಚ್ ಪರ್ವತಾರೋಹಿ. 1978ರ ಅಕ್ಟೋಬರ್ 16ರಂದು ಎವರೆಸ್ಟ್ ಶಿಖರವನ್ನು ಏರಿದರು; ಐರೋಪ್ಯ ಸ್ತ್ರೀಯರಲ್ಲಿ ಮೊದಲಿಗರು, ಪೋಲೆಂಡಿನವರಲ್ಲಿ ಗಂಡುಹೆಣ್ಣೆನ್ನದೆ ಮೊದಲಿಗರು. ಅದೇ ದಿನ ರೋಮಿನಲ್ಲಿ ಕಾರ್ಡಿನಲ್ ವೊಯ್ತಿವಾ ಜಗದ್ಗುರುಗಳಾಗಿ ಆಯ್ಕೆಯಾದರು. ಮರುವರ್ಷ ಇಬ್ಬರೂ ಭೇಟಿಯಾದಾಗ, ಒಂದೇ ದಿನ ನಮ್ಮಿಬ್ಬರನ್ನೂ ದೇವರು ಅಷ್ಟೆತ್ತರಕ್ಕೆ ಏರಿಸಿದರಲ್ಲ ಎಂಬರ್ಥದ ಮಾತನ್ನು ಜಗದ್ಗುರುಗಳು ಆಡಿದರೆಂಬುದು ಪ್ರಸಿದ್ಧ. 1986ರ ಜೂನ್ 23ರಂದು, ಅಂದರೆ ತನ್ನ ನಾಮದಿನದಂದೇ, ಕೆ-2 ಶಿಖರದ ನೆತ್ತಿಯಲ್ಲಿ ನಿಂತ ಮೊದಲ ಸ್ತ್ರೀ ಎನಿಸಿಕೊಂಡರು. ವಿಸ್ತುಲಾ ನದಿಯಲ್ಲಿ ಹೂಮಾಲೆ ತೇಲುವ ದಿನ ಈ ವಾಂದಾ ಸಾಗರಮಟ್ಟದಿಂದ 8,600 ಮೀಟರಿಗೂ ಮೇಲಿದ್ದಳು. 1992ರ ಮೇ ತಿಂಗಳಲ್ಲಿ ಕಾಂಚನಜುಂಗಾದ ಹಿಮದಲ್ಲಿ ಕಾಣೆಯಾದರು. ಅವಳೂ ಪ್ರಾಣವನ್ನು ಬಿಸಾಡಲಿಲ್ಲವೇ ಎಂದು ನನ್ನ ಗುರುಮಿತ್ರರೊಬ್ಬರು ವಾದಿಸಿದರು. ಇಲ್ಲ. ಏರಿದವಳು ಇಳಿದು ಬರುವ ಆಸೆಯಿಂದಲೇ ಏರಿದವಳು. ಅಪಾಯವನ್ನು ಅಪ್ಪುವುದು ಬೇರೆ, ಸಾವನ್ನು ಅಪ್ಪುವುದು ಬೇರೆ.

ಸಂಗೀತ ಬಲ್ಲವರಿಗೆ ವಾಂದಾ ಲಾಂದೋವ್ಸ್ಕಾ ಅವರ ಹೆಸರು ಗೊತ್ತಿರುತ್ತದೆ. 1879ರಲ್ಲಿ ವಾರ್ಸಾದಲ್ಲಿ, ಯೆಹೂದ್ಯ ಮೂಲದ ಮನೆಯಲ್ಲಿ ಹುಟ್ಟಿ, ಮರೆತೇ ಹೋಗಿದ್ದ ಹಾರ್ಪ್ಸಿಕಾರ್ಡ್ ವಾದ್ಯಕ್ಕೆ ಮರುಜೀವ ಕೊಟ್ಟವರು. ನಾತ್ಸಿಗಳು ಫ್ರಾನ್ಸಿನ ಅವರ ಮನೆಯಿಂದ ವಾದ್ಯಗಳನ್ನೂ ಗ್ರಂಥಭಂಡಾರವನ್ನೂ ದೋಚಿದರು. ಅರವತ್ತು ದಾಟಿದ ಆಕೆ ಅಮೆರಿಕಕ್ಕೆ ಹೋಗಿ ಮತ್ತೆ ನುಡಿಸಲು ಕುಳಿತರು. ಎಲ್ಲ ವಾಂದಾಗಳೂ ಹೊಗಳಿಕೆಗೆ ಅರ್ಹರೆಂದು ನನ್ನ ಅಭಿಪ್ರಾಯವಲ್ಲ. ಬರಹಗಾರ್ತಿ ವಾಂದಾ ವಾಸಿಲೆವ್ಸ್ಕಾ ಸ್ಟಾಲಿನನ ಪಕ್ಷ ಹಿಡಿದು, ತನ್ನ ದೇಶವನ್ನು ಅವನ ಅಂಕೆಗೆ ಒಪ್ಪಿಸುವ ಕಾರ್ಯದಲ್ಲಿ ಕೈಜೋಡಿಸಿದವಳು. ಹೆಸರು ಯಾರನ್ನೂ ಕಾಯುವುದಿಲ್ಲ.

ಒಬ್ಬ ವಾಂದಾ ನಮ್ಮ ಮೈಸೂರಿನ ಮಣ್ಣಿನಲ್ಲಿಯೇ ಕೊನೆಯುಸಿರೆಳೆದಳೆಂದರೆ ವಾಚಕರಿಗೆ ಆಶ್ಚರ್ಯವಾದೀತು. ವಾಂದಾ ದಿನೋವ್ಸ್ಕಾ 1888ರಲ್ಲಿ ಹುಟ್ಟಿ 1935ರಲ್ಲಿ ಭಾರತಕ್ಕೆ ಬಂದವರು. ಥಿಯಾಸಫಿಯ ಮಾರ್ಗದವರು, ಅವರ ಧಾರ್ಮಿಕ ನಿಲುವುಗಳನ್ನು ಕಥೋಲಿಕ ಗುರುವಾದ ನಾನು ಒಪ್ಪಲಾರೆ. ಆದರೆ ಗಾಂಧೀಜಿ ಅವರಿಗೆ ಉಮಾದೇವಿ ಎಂಬ ಹೆಸರು ಕೊಟ್ಟರು. 1944ರಲ್ಲಿ ಮದರಾಸಿನಲ್ಲಿ ಪೋಲಿಷ್-ಭಾರತೀಯ ಗ್ರಂಥಮಾಲೆಯನ್ನು ಅವರು ಆರಂಭಿಸಿ ಭಾರತದ ಸಾಹಿತ್ಯವನ್ನು ಪೋಲಿಷ್ ಭಾಷೆಗೂ, ಪೋಲಿಷ್ ಸಾಹಿತ್ಯವನ್ನು ಭಾರತದ ಓದುಗರಿಗೂ ತಲುಪಿಸಿದರು. ಆ ಕೆಲಸದಲ್ಲಿ ಜೊತೆಯಾದವರು ಮೋರಿಸ್ ಫ್ರಿಡ್‌ಮನ್. ವಾರ್ಸಾದ ಈ ಎಂಜಿನಿಯರ್ 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಿದವರು. ಮುಪ್ಪಿನಲ್ಲಿ ಉಮಾದೇವಿ ಟಿಬೆಟ್ ನಿರಾಶ್ರಿತರ ಮಕ್ಕಳಿಗಾಗಿ ದುಡಿದರು. 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ದೇಶ ಬಿಟ್ಟು, ಹೆಸರು ಬದಲಿಸಿಕೊಂಡು, ಮನೆಯಿಲ್ಲದ ಮಕ್ಕಳ ಹಿಂದೆ ಓಡಾಡಿದ 82 ವರ್ಷದ ಮುದುಕಿಯ ಬಗ್ಗೆ ಯಾರೂ ಸಂಗೀತ ನಾಟಕ ಬರೆಯಲಿಲ್ಲ. ಮುಳುಗಿ ಸತ್ತಿದ್ದರೆ ಬರೆಯುತ್ತಿದ್ದರೋ ಏನೋ!

ಆ ಹಿರಿಯ ತಾಯಿ ಈಗಿಲ್ಲ. ಅವರ ಅಂತ್ಯಕ್ರಿಯೆಯ ಬಲಿಪೂಜೆಯನ್ನು ಅರ್ಪಿಸುವ ಅವಕಾಶವೂ ನನಗೆ ಸಿಗಲಿಲ್ಲ. ಆಗ ನಾನು ಬೇರೆ ಧರ್ಮಕೇಂದ್ರದಲ್ಲಿದ್ದೆ. ಅವರ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರ, "ಸಾಯಲಿಲ್ಲಮ್ಮ, ಸತ್ತಳೆಂದು ನಾವು ಬರೆದುಕೊಂಡೆವು" ಎಂಬುದು. ಕ್ರಾಕೋವಿನ ಪೂರ್ವಕ್ಕೆ, ಮೊಗಿಲಾ ಎಂಬಲ್ಲಿ, ಸಿಸ್ಟರ್ಸಿಯನ್ ಮಠಕ್ಕೆ ಅನತಿ ದೂರದಲ್ಲಿ ವಾಂದಾಳ ಗೋರಿಯೆಂದು ಜನ ನಂಬುವ ಪುರಾತನ ಮಣ್ಣಿನ ದಿಬ್ಬವೊಂದಿದೆ. ದೇವಾಲಯವೇ ಬೇಡವೆಂದು ಕಮ್ಯುನಿಸ್ಟರು 1949ರಿಂದ ಕಟ್ಟತೊಡಗಿದ ನೋವಾ ಹುತಾ ನಗರ ಅದನ್ನು ಸುತ್ತುವರಿದಿದೆ. ಪಕ್ಕದಲ್ಲಿಯೇ ಉಕ್ಕಿನ ಕಾರ್ಖಾನೆ. ಸುಮಾರು 14 ಮೀಟರ್ ಎತ್ತರದ ಆ ದಿಬ್ಬದ ನೆತ್ತಿಯಲ್ಲಿ ಚಿತ್ರಕಾರ ಯಾನ್ ಮತೇಯ್ಕೊ ವಿನ್ಯಾಸ ಮಾಡಿದ 1890ರ ಸ್ಮಾರಕವೊಂದಿದೆ. ಮೇಲೊಂದು ಹದ್ದು. ಕೆಳಗೆ ಒಂದು ಕತ್ತಿ, ಅದಕ್ಕೆ ಅಡ್ಡಲಾಗಿ ನೂಲುವವರು ಹಿಡಿಯುವ ಒಂದು ಕೋಲು, ಮತ್ತು 'ವಾಂದಾ' ಎಂಬ ಒಂದೇ ಪದ. ನದಿಯನ್ನು ಮತೇಯ್ಕೊ ಅಲ್ಲಿ ಕೆತ್ತಿಸಲಿಲ್ಲ.